ಕಣ್ಣಾಸ್ಪತ್ರೆಯ ಅಂಗಳಕ್ಕೆ ಹಾಸಿದ ಕಲ್ಲು

ಮೈಸೂರಿನ ಚಾಮರಾಜಪುರಂನ ಒಂದು ಅಡ್ಡರಸ್ತೆಯಲ್ಲಿ ಟ್ರಸ್ಟಿನವರು ನಡೆಸುವ ಸಣ್ಣ ಕಣ್ಣಾಸ್ಪತ್ರೆಯೊಂದಿದೆ. ಅದರ ಗೇಟಿನಿಂದ ಬಾಗಿಲವರೆಗಿನ ಅಂಗಳಕ್ಕೆ ಚಪ್ಪಡಿ ಕಲ್ಲು ಹಾಸಿದವನು ನಾನು. ಮೂವತ್ತೈದು ವರ್ಷಗಳಲ್ಲಿ ನಾನು ಹಾಸಿದ ನೆಲದ ಮೇಲೆ ಎಷ್ಟು ಜನ ಓಡಾಡಿದ್ದಾರೋ ಗೊತ್ತಿಲ್ಲ. ಕೆಲಸ ಮುಗಿದ ಮೇಲೆ ಆ ಜಾಗಕ್ಕೆ ಮತ್ತೆ ಹೋಗುವ ರೂಢಿ ನಮ್ಮಲ್ಲಿಲ್ಲ. ಈ ಒಂದು ಅಂಗಳಕ್ಕೆ ಮಾತ್ರ ಮತ್ತೆ ಹೋಗಬೇಕಾಯಿತು. ಹೋಗಿದ್ದು ಒಬ್ಬ ಹೆಂಗಸು ಅಲ್ಲಿ ಬಿದ್ದು ಕೈ ಮುರಿದುಕೊಂಡ ಮೇಲೆ.

ನಮ್ಮದು ಹಿನಕಲ್. ಅದು ಇನ್ನೂ ಊರಾಗಿದ್ದ ಕಾಲದಲ್ಲಿ ನಮ್ಮಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದರು. ಜಮೀನು ಬಡಾವಣೆಯಾದ ಮೇಲೆ ಆ ಬಡಾವಣೆಯ ಮನೆಗಳಿಗೇ ನಾನು ನೆಲ ಹಾಕುವ ಕೆಲಸಕ್ಕೆ ಸೇರಿದೆ. ಮೊದಲು ರೆಡ್ ಆಕ್ಸೈಡ್, ಆಮೇಲೆ ಮೊಸಾಯಿಕ್, ಅದಾದ ಮೇಲೆ ಟೈಲ್ಸು, ಗ್ರಾನೈಟು. ಜನರ ಆಸೆ ಬದಲಾದ ಹಾಗೆಲ್ಲ ನನ್ನ ಕೈಯೂ ಬದಲಾಯಿತು. ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಹಿಂದಕ್ಕೆ ಸರಿಯುವುದು ಮಾತ್ರ ಬದಲಾಗಲಿಲ್ಲ.

ಕಣ್ಣಾಸ್ಪತ್ರೆಯ ಕೆಲಸ ಬಂದಾಗ ನನಗೆ ಐವತ್ತೇಳು. ಎರಡೂ ಮಂಡಿ ಸವೆದಿದ್ದವು. ಅದಕ್ಕಿಂತ ಹೆಚ್ಚಾಗಿ, ಯಾರ ಜೊತೆಗೂ ಮಾತು ಬೆಳೆಸಲು ಮನಸ್ಸಿಲ್ಲದಂಥ ಒಂದು ಸುಸ್ತು ಒಳಗೆ ಕೂತುಬಿಟ್ಟಿತ್ತು. ಮನೆ ಕಟ್ಟಿಸುವವರು ಹೇಳಿದ ಕಲ್ಲು, ಅವರು ಹೇಳಿದ ಬಣ್ಣ, ಅವರು ಹೇಳಿದ ಡಿಸೈನು. ತಪ್ಪು ಅನ್ನಿಸಿದರೆ ಒಂದು ಸಲ ಹೇಳುತ್ತಿದ್ದೆ. ಕೇಳದಿದ್ದರೆ ಕರಣೆ ಕೈಗೆತ್ತಿಕೊಳ್ಳುತ್ತಿದ್ದೆ.

ನನ್ನ ಜೊತೆ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಹೆಂಗಸೊಬ್ಬರಿದ್ದರು. ನನಗಿಂತ ಎರಡು ವರ್ಷ ದೊಡ್ಡವರು, ಹಾಗಾಗಿ ಅಕ್ಕ ಅನ್ನುತ್ತಿದ್ದೆ. ಅವರ ಮನೆಯವರು ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಯಿಂದ ಬಂದು ಮೈಸೂರು ಸೇರಿದವರು, ಬೌದ್ಧರು. ಬುದ್ಧಪೂರ್ಣಿಮೆ ಬಂತೆಂದರೆ ಎರಡು ದಿನ ಕೆಲಸಕ್ಕೆ ಬರುವುದಿಲ್ಲ ಎಂದು ತಿಂಗಳ ಮೊದಲೇ ಹೇಳಿಟ್ಟಿರುತ್ತಿದ್ದರು. ಗಾರೆ ಕಲಸುವ ಕೆಲಸಕ್ಕೆಂದು ಬಂದವರು, ಕೆಲವೇ ವರ್ಷಗಳಲ್ಲಿ ನನಗೆ ಕಣ್ಣಾದರು. ನೆಲದ ಮಟ್ಟ ಅಳೆಯುವ ರಸಮಟ್ಟ ಇಟ್ಟು ಸರಿ ಇದೆ ಎಂದು ನಾನು ಹೇಳಿದ ಜಾಗದಲ್ಲಿ ಒಂದು ಚೊಂಬು ನೀರು ಸುರಿದು, ಅದು ಹರಿಯುವ ದಾರಿ ನೋಡಿ, "ಇಲ್ಲಿ ಒಂದು ನೂಲು ಎತ್ರ ಅದೆ ಮೇಸ್ತ್ರಿ" ಅನ್ನುತ್ತಿದ್ದರು. ಇರುತ್ತಿತ್ತು.

ಆ ಅಂಗಳದಲ್ಲಿ ಮೊದಲೂ ಕಲ್ಲಿತ್ತು. ಪಕ್ಕದ ಹೊಂಗೆಮರದ ಬೇರು ಕೆಲವು ಚಪ್ಪಡಿಗಳನ್ನು ಎತ್ತಿ, ಕೆಲವನ್ನು ವಾಲಿಸಿ, ದಿನಕ್ಕೊಬ್ಬರಾದರೂ ಎಡವುತ್ತಿದ್ದರಂತೆ. ಹೊಸದಾಗಿ ಹಾಸಿಸೋಣ ಎಂದು ಕಮಿಟಿಯವರು ತೀರ್ಮಾನ ಮಾಡಿದ್ದರು. ಒಂದೇ ಷರತ್ತು: ಆಸ್ಪತ್ರೆ ಒಂದು ದಿನವೂ ಮುಚ್ಚುವುದಿಲ್ಲ. ಅಂಗಳವನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಅರ್ಧದಲ್ಲಿ ಜನ ನಡೆಯಬೇಕು, ಅರ್ಧದಲ್ಲಿ ನಾವು ಕೆಲಸ ಮಾಡಬೇಕು.

ನಡುವೆ ಹಗ್ಗ ಕಟ್ಟಿದೆವು. ಆದರೆ ಕಣ್ಣಿಗೆ ಹನಿ ಹಾಕಿಸಿಕೊಂಡು ಹೊರಗೆ ಬಂದವರಿಗೆ ಹಗ್ಗ ಎಲ್ಲಿ ಕಾಣುತ್ತದೆ? ಮೊದಲ ದಿನವೇ ಒಬ್ಬ ತಾತ ಹಗ್ಗ ತಳ್ಳಿಕೊಂಡು ಬಂದು, ಮೋರಿಯ ಅಂಚು ಕಟ್ಟಲು ಕಲಸಿಟ್ಟ ಹಸಿ ಗಾರೆಯಲ್ಲಿ ಪಾದ ಮುಳುಗುವಷ್ಟು ಕಾಲಿಟ್ಟು ನಿಂತುಬಿಟ್ಟರು. ಮಳೆ ಕೆಸರು ಅಂದುಕೊಂಡಿದ್ದರು. ಅಕ್ಕ ಬಕೆಟ್ ತಂದು, ಅವರನ್ನು ಕಲ್ಲಿನ ಮೇಲೆ ಕೂರಿಸಿ ಕಾಲು ತೊಳೆದರು. "ಸಿಮೆಂಟು ಕಣಪ್ಪ, ಅಂಗೇ ಬುಟ್ರೆ ಚರ್ಮ ಸುಡ್ತದೆ" ಎಂದು ಬೆರಳ ಸಂದಿಯನ್ನೂ ಉಜ್ಜಿದರು. ತಾತ ಸುಮ್ಮನೆ ಕೂತು ಕಾಲು ಕೊಟ್ಟಿದ್ದರು.

ಮೂರನೆಯ ದಿನ ಕಲ್ಲು ಬಂತು. ಲಾರಿಯ ಹಿಂಬಾಗಿಲು ತೆಗೆದಾಗ ನನಗೆ ನನ್ನ ಮುಖ ಕಾಣಿಸಿತು. ಬೂದುಬಣ್ಣದ ಗ್ರಾನೈಟು, ಕನ್ನಡಿಯ ಹಾಗೆ ಪಾಲಿಷ್ ಮಾಡಿದ್ದು. ಕಮಿಟಿಯ ಕಾರ್ಯದರ್ಶಿಗಳೇ ಹೋಗಿ ಆರಿಸಿ ತಂದಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಕೆಟ್ಟವರಲ್ಲ. ದಿನಾ ಬೆಳಿಗ್ಗೆ ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಓದು ಬರದವರ ಫಾರಂಗಳನ್ನು ತಾವೇ ತುಂಬಿಕೊಡುತ್ತಿದ್ದರು.

"ಸಾರ್, ಇದು ಹಾಲ್‌ಗೆ ಹಾಕೋ ಕಲ್ಲು. ಬಯಲಲ್ಲಿ ಮಳೆ ಬಿದ್ರೆ ಜಾರ್ತದೆ" ಎಂದೆ.

"ಆಸ್ಪತ್ರೆ ಅಂದ್ಮೇಲೆ ಕ್ಲೀನಾಗಿ ಕಾಣ್ಬೇಕಲ್ಲಪ್ಪ. ಒರಟು ಕಲ್ಲಲ್ಲಿ ಧೂಳು ಕೂತ್ಕೊಳುತ್ತೆ. ನೀವು ವಾಟ ಸರಿಯಾಗಿ ಕೊಟ್ಬಿಡಿ, ನೀರು ನಿಲ್ಲಲ್ಲ. ನೀರು ನಿಲ್ದಿದ್ರೆ ಯಾರ್ ಜಾರ್ತಾರೆ?"

ವಾಟ ಎಂದರೆ ನೀರು ಹರಿದುಹೋಗಲು ನೆಲಕ್ಕೆ ಕೊಡುವ ಇಳಿಜಾರು. ಅದನ್ನು ಕೊಡುವುದು ನನಗೆ ಗೊತ್ತಿತ್ತು. ಎಷ್ಟು ವಾಟ ಕೊಟ್ಟರೂ ಹೊಳೆಯುವ ಕಲ್ಲಿನ ಮೇಲೆ ನೀರಿನ ಒಂದು ಪೊರೆ ಉಳಿದೇ ಉಳಿಯುತ್ತದೆ ಎಂಬುದೂ ಗೊತ್ತಿತ್ತು. ಅಂಗಡಿಗೆ ವಾಪಸು ಕಳಿಸಿ, ಮುಖ ಒರಟಾದ ಕಲ್ಲು ತರಿಸಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಇಳಿಸಿ ಎಂದು ಹಮಾಲರಿಗೆ ಕೈ ತೋರಿಸಿದೆ.

ಊಟದ ಹೊತ್ತಿನಲ್ಲಿ ಅಕ್ಕ ಡಬ್ಬಿ ಮುಚ್ಚಳ ತೆಗೆಯುತ್ತಾ ಹೇಳಿದರು: "ಮೇಸ್ತ್ರಿ, ಜಾರೋದು ಒಂದ್ಕಡೆ ಇರ್ಲಿ. ಇದು ಕಣ್ ಕುಕ್ತದೆ. ನಮ್ಮವ್ವುಂಗೆ ಇಲ್ಲೇ ತೋರ್ಸಿದ್ದು. ಅನಿ ಆಕ್ಸಿ ಈಚೆಗೆ ಕರ್ಕೊಂಡ್ ಬಂದ್ರೆ, ಬಿಸ್ಲು ತಡ್ಯಕಾಗ್ದೆ ಸೆರಗು ಮುಚ್ಕೊಳ್ಳೋಳು. ಈ ಕಲ್ ಮ್ಯಾಲೆ ಎಂಗ್ ನಡ್ದಾರು?"

"ಹೇಳಿದ್ನಲ್ಲಕ್ಕ. ಅವ್ರು ಕೇಳ್ಳಿಲ್ಲ."

"ಒಂದ್ ಸಲ ಏಳಿದ್ರಿ."

ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಅನ್ನ ಕಲಸಿಕೊಂಡು ಉಂಡರು.

ಮೂರು ವಾರದಲ್ಲಿ ಅಂಗಳ ಮುಗಿಯಿತು. ಮಣ್ಣು ಅಗೆದು, ಜಲ್ಲಿ ತುಂಬಿ ಕುಟ್ಟಿ, ಗಾರೆಯ ಹಾಸಿಗೆಯ ಮೇಲೆ ಒಂದೊಂದೇ ಚಪ್ಪಡಿ ಇಟ್ಟು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದೆವು. ಆರು ಅಡಿಗೆ ಒಂದು ಇಂಚಿನಂತೆ ವಾಟ. ಅಕ್ಕ ಚೊಂಬಿನಿಂದ ನೀರು ಬಿಟ್ಟರು, ಎಲ್ಲೂ ನಿಲ್ಲದೆ ಮೋರಿ ಸೇರಿತು. ಕೆಲಸ ಅಂತ ನೋಡಿದರೆ ಕುಂದು ಹೇಳುವ ಹಾಗಿರಲಿಲ್ಲ. ಕಮಿಟಿಯವರು ಅದರ ಮೇಲೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ನಾವು ಸಾಮಾನು ಕಟ್ಟಿಕೊಂಡು ಇನ್ನೊಂದು ಕೆಲಸಕ್ಕೆ ಹೊರಟೆವು.

ಜೂನ್ ತಿಂಗಳ ಒಂದು ಮಧ್ಯಾಹ್ನ, ಮಳೆ ಬಂದು ನಿಂತು ಬಿಸಿಲು ಬಿದ್ದಿತ್ತು. ಆಸ್ಪತ್ರೆಯ ವಾಚ್‌ಮನ್ ಫೋನ್ ಮಾಡಿದ.

"ಮೇಸ್ತ್ರಿ, ಒಬ್ಬಮ್ಮ ಬಿದ್ಬುಟ್ರು. ಕೈ ಮೂಳೆ ಮುರ್ದದೆ ಅಂತವ್ರೆ."

ನಾನು ಕೇಳಿದ ಮೊದಲ ಪ್ರಶ್ನೆ, "ನೀರು ನಿಂತಿತ್ತಾ?"

"ಇಲ್ಲ, ನೀರೇನ್ ನಿಂತಿರ್ಲಿಲ್ಲ" ಎಂದ. ಫೋನು ಇಟ್ಟ ಮೇಲೆ ನಾನು ಕೇಳಿದ್ದೇನು ಎಂಬುದು ನನಗೇ ಕೇಳಿಸಿತು. ಬಿದ್ದವರು ಯಾರು, ಈಗ ಹೇಗಿದ್ದಾರೆ ಎಂದು ಕೇಳದೆ, ನನ್ನ ವಾಟ ಸರಿ ಇತ್ತಾ ಎಂದು ಕೇಳಿದ್ದೆ. ಮತ್ತೆ ಫೋನ್ ಮಾಡಿದೆ. ಆತ ಹೇಳಿದ: ನಜರ್‌ಬಾದಿನವರು, ಬ್ಲೌಸ್ ಹೊಲಿಯುವ ಹೆಂಗಸು. ಬಲಗಣ್ಣಿನ ಪೊರೆ ತೆಗೆಸಿಕೊಂಡು ವಾರವಾಗಿತ್ತು. ತೋರಿಸಲು ಬಂದು ಹೋಗುವಾಗ ಬಿದ್ದರು. ಬಲಗೈ ಮಣಿಕಟ್ಟು.

ಮರುದಿನ ಆಸ್ಪತ್ರೆಗೆ ಹೋದೆ. ಕಾರ್ಯದರ್ಶಿಗಳು ಬೆಂಚಿನಲ್ಲೇ ಕೂತಿದ್ದರು. "ಮಳೇಲಿ ಎಲ್ಲಾದ್ರೂ ಯಾರಾದ್ರೂ ಬೀಳ್ತಾರೆ. ನಿಮ್ದೇನೂ ತಪ್ಪಿಲ್ಲ ಬಿಡಿ. ಒಂದು ಬೋರ್ಡ್ ಹಾಕಿಸ್ತಿದ್ದೀನಿ, ನೆಲ ಜಾರುತ್ತೆ ಎಚ್ಚರಿಕೆ ಅಂತ" ಎಂದರು.

ಹೊರಗೆ ಬಂದು, ಗೇಟಿನ ಹತ್ತಿರ ಕಾಯುತ್ತಿದ್ದ ಅಕ್ಕನಿಗೆ ಹೇಳಿದೆ. ಅವರು, "ಕಣ್ಣಾಸ್ಪತ್ರೇಲಿ ಬೋರ್ಡು ಓದೋರ್ಯಾರು?" ಎಂದರು. ಆಮೇಲೆ, "ಆ ಯಮ್ಮನ್ನ ನೋಡ್ಕೊಂಡ್ ಬರನ ನಡೀರಿ" ಎಂದರು. ನನಗೆ ಇಷ್ಟವಿರಲಿಲ್ಲ. ಆದರೆ ಇಲ್ಲ ಎನ್ನಲು ಕಾರಣ ಹೊಳೆಯಲಿಲ್ಲ.

ನಜರ್‌ಬಾದಿನ ಆ ಮನೆ ರಸ್ತೆಗೇ ತೆರೆದುಕೊಂಡಿತ್ತು. ಮುಂದಿನ ಕೋಣೆಯೇ ಅಂಗಡಿ. ಗೋಡೆಯ ಮೊಳೆಗಳಿಗೆ ಅರ್ಧ ಹೊಲಿದ ಬ್ಲೌಸುಗಳು ತೂಗುತ್ತಿದ್ದವು. ಮಷೀನಿನ ಮೇಲೆ ಹಳೆಯ ಸೀರೆ ಹೊದಿಸಿದ್ದರು. ಟೈಲರಮ್ಮನಿಗೆ ನಲವತ್ತೆಂಟು, ಐವತ್ತು ಇರಬಹುದು. ಕಪ್ಪು ಕನ್ನಡಕ, ಮೊಣಕೈವರೆಗೆ ಪಟ್ಟಿ. ನಾವು ಯಾರೋ ಗಿರಾಕಿಗಳು ಎಂದುಕೊಂಡು, "ಇನ್ನೆರಡು ತಿಂಗಳು ಹೊಲಿಯೋದಿಲ್ಲ ಕಣ್ರೀ" ಎಂದರು.

"ಹೊಲಿಸೋಕೆ ಬಂದಿಲ್ಲಮ್ಮ. ಆ ಆಸ್ಪತ್ರೇಲಿ ಕಲ್ಲು ಹಾಸ್ದೋನು ನಾನು" ಎಂದೆ.

ಅವರು ಕೂರಲು ಹೇಳಿದರು. ಒಳಗಿದ್ದ ನಾದಿನಿಗೆ ಕಾಫಿ ಇಡಲು ಹೇಳಿದರು. ಎರಡು ವರ್ಷದಿಂದ ಕಣ್ಣು ಮಂಜಾಗಿತ್ತಂತೆ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯಬೇಕಿತ್ತು. ಕಪ್ಪು ಬಟ್ಟೆ, ನೀಲಿ ಬಟ್ಟೆ ಗೊತ್ತಾಗದೆ ಒಂದು ಸಲ ತಪ್ಪು ದಾರದಲ್ಲಿ ಹೊಲಿದುಕೊಟ್ಟು ಮಾತು ಕೇಳಬೇಕಾಯಿತು.

"ಆಪರೇಷನ್ ಆಗಿ ಮನೆಗೆ ಬಂದು ಪಟ್ಟಿ ಬಿಚ್ಚಿದ್ಮೇಲೆ ಮೊದ್ಲು ನೋಡಿದ್ದೇ ದಾರ. ಕಾಣ್ತು. ಈಗ ದಾರ ಕಾಣುತ್ತೆ, ಪೋಣಿಸೋ ಕೈ ಇಲ್ಲ." ದನಿ ಏರಿಸದೆ, ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು.

"ಹೆಂಗೆ ಬಿದ್ರಿ?" ಎಂದೆ.

"ಅವತ್ತು ಹನಿ ಹಾಕಿದ್ರು. ಈಚೆಗೆ ಬಂದ್ರೆ ಎಲ್ಲಾ ಹೊಳೀತಿತ್ತು. ಒಣಗಿರೋದ್ಯಾವ್ದು, ನೀರಿರೋದ್ಯಾವ್ದು ಗೊತ್ತಾಗ್ಲಿಲ್ಲ. ಮುಂದೆ ನೀರಿದೆ ಅಂದ್ಕೊಂಡು ಪಕ್ಕಕ್ಕೆ ಕಾಲಿಟ್ಟೆ. ನೀರು ಅಲ್ಲೇ ಇತ್ತು. ಹಿಡ್ಕೊಳೋಣ ಅಂದ್ರೆ ಕೈಗೆ ಏನೂ ಸಿಗ್ಲಿಲ್ಲ."

ನಾನು ತಲೆ ತಗ್ಗಿಸಿ ಕೂತಿದ್ದೆ. ಹೇಳದೆ ಎದ್ದು ಬರಬಹುದಿತ್ತು. ಪಕ್ಕದಲ್ಲಿ ಅಕ್ಕ ಕೂತಿದ್ದರು, ಅದಕ್ಕೇ ಇರಬೇಕು, ಹೇಳಿಬಿಟ್ಟೆ. "ಆ ಕಲ್ಲು ಬಂದ್ ದಿನಾನೇ ನಂಗೊತ್ತಿತ್ತಮ್ಮ, ಜಾರ್ತದೆ ಅಂತ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಗೊತ್ತಿದ್ದೂ ಹಾಕಿದ್ರಾ?"

"ಹೂಂ."

"ಯಾಕೆ?"

ಕಾರ್ಯದರ್ಶಿಗಳು ಹೇಳಿದರು ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಬಾಯಿಗೆ ಬಂದದ್ದು ಬೇರೆ. "ಸುಸ್ತಾಗಿತ್ತು ಕಣಮ್ಮ."

ನಾದಿನಿ ಕಾಫಿ ತಂದಿಟ್ಟಳು. ಟೈಲರಮ್ಮ ಕನ್ನಡಕ ಹಾಕಿಕೊಂಡು, "ಆರೋಗುತ್ತೆ, ಕುಡೀರಿ" ಎಂದರು. ಅಷ್ಟೇ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

ಬಸ್ ಸ್ಟಾಪಿಗೆ ನಡೆಯುತ್ತಾ ಅಕ್ಕ, "ಕುಟ್ಟುದ್ರಾಯ್ತದೆ" ಎಂದರು. ನನಗೆ ಅರ್ಥವಾಗಲಿಲ್ಲ. "ಖಾರ ರುಬ್ಬೋ ಒಳ್ಕಲ್ಲು ಸವ್ದು ನುಣ್ಣಗಾದ್ರೆ ಏನ್ ಮಾಡ್ತಿದ್ರು? ಚಾಣ ಇಟ್ಟು ಕುಟ್ಸ್ತಿರ್ಲಿಲ್ವಾ? ಅಂಗೇ ಈ ಕಲ್ಲೂ ಕುಟ್ಟನ. ಒಳಪೂ ಓಯ್ತದೆ, ಕಾಲೂ ನಿಲ್ತದೆ."

ಇಡೀ ಅಂಗಳವನ್ನೇ? ನನ್ನ ಮಂಡಿ ಆಗಲೇ ನೋಯಲು ಶುರುವಾಯಿತು. ಮಷೀನು ತರಿಸಿದರೆ ಎರಡು ದಿನದ ಕೆಲಸ, ತರಿಸೋಣ ಎಂದೆ. ಮರುದಿನ ಆಸ್ಪತ್ರೆಯ ಡಾಕ್ಟರಮ್ಮನನ್ನು ಕೇಳಿದರೆ, ಅವರು ಮಷೀನು ಬೇಡವೇ ಬೇಡ ಎಂದರು. ಅದರ ಧೂಳು ಆಪರೇಷನ್ ಆದ ಕಣ್ಣಿಗೆ ಒಳ್ಳೆಯದಲ್ಲ. ಕಲ್ಲಿಗೆ ನೀರು ಹಾಕಿಕೊಂಡು ಕೈಯಲ್ಲಿ ಕುಟ್ಟುವುದಾದರೆ ಆಗಬಹುದು.

ಕಾರ್ಯದರ್ಶಿಗಳು ಒಪ್ಪಲಿಲ್ಲ. "ಹೊಸಾ ಕಲ್ಲನ್ನ ಹಾಳು ಮಾಡ್ತೀನಿ ಅಂತೀರಲ್ರೀ. ಕಮಿಟಿಯವ್ರಿಗೆ ನಾನೇನ್ ಹೇಳ್ಲಿ?" ಅವತ್ತು ಹೇಳಿದೆ, ಮರುದಿನ ಹೋಗಿ ಮತ್ತೆ ಹೇಳಿದೆ, ಅದರ ಮರುದಿನವೂ ಹೋದೆ. ಮೂರನೆಯ ದಿನ ನಮ್ಮ ಮಾತು ಡಾಕ್ಟರಮ್ಮನ ಕಿವಿಗೆ ಬಿತ್ತು. ಅವರು ಈಚೆ ಬಂದು, "ಇಬ್ರಿಗೂ ವಯಸ್ಸಾಗಿದೆ, ಹೇಗೂ ಕಣ್ಣು ಟೆಸ್ಟ್ ಮಾಡಿಸ್ಬೇಕು. ಬನ್ನಿ, ಹನಿ ಹಾಕ್ತೀನಿ. ಆಮೇಲೆ ಒಂದ್ಸಲ ಗೇಟ್‌ವರೆಗೂ ನಡೆದು ಬನ್ನಿ" ಎಂದರು.

ಹನಿ ಹಾಕಿಸಿಕೊಂಡು ಅರ್ಧ ಗಂಟೆ ಕಣ್ಣು ಮುಚ್ಚಿ ಪಕ್ಕಪಕ್ಕ ಕೂತೆವು. ಅಷ್ಟರಲ್ಲಿ ವಾಚ್‌ಮನ್ ಅಂಗಳಕ್ಕೆ ನೀರು ಹೊಡೆದಿದ್ದ. ಹನ್ನೆರಡರ ಬಿಸಿಲು. ಬಾಗಿಲು ದಾಟಿದ ಕೂಡಲೇ ನನಗೆ ಬಿಳೀ ಬೆಂಕಿಯ ಒಂದು ಹಾಳೆ ಬಿಟ್ಟರೆ ಏನೂ ಕಾಣಲಿಲ್ಲ. ಅದು ನಾನೇ ಹಾಸಿದ ನೆಲ. ಯಾವ ಸಂದು ಎಲ್ಲಿದೆ ಎಂದು ಕೈಗೆ ಗೊತ್ತಿತ್ತು, ಕಾಲಿಗೆ ಗೊತ್ತಾಗಲಿಲ್ಲ. ಕಾರ್ಯದರ್ಶಿಗಳು ನನ್ನ ತೋಳು ಹಿಡಿದರು, ನಾನು ಅವರ ಹೆಗಲು ಹಿಡಿದೆ. ಹೊಸದಾಗಿ ನಡೆಯಲು ಕಲಿತ ಮಕ್ಕಳ ಹಾಗೆ ನಾಲ್ಕು ಹೆಜ್ಜೆ ಇಟ್ಟೆವು. ಐದನೆಯದಕ್ಕೆ ಅವರ ಚಪ್ಪಲಿ ಸರ್ರನೆ ಜಾರಿತು. ನಾನು ಎಳೆದುಕೊಳ್ಳದಿದ್ದರೆ ಬೀಳುತ್ತಿದ್ದರು. ನನ್ನ ಜೊತೆ ಬಂದಿದ್ದ ಅಕ್ಕ ಹಿಂದಿನಿಂದ ನಗುವುದು ಕೇಳಿಸಿತು. ಗೇಟಿನವರೆಗೆ ಹೋಗಲಿಲ್ಲ. ತಿರುಗಿ ಬಂದು ಬೆಂಚಿನ ಮೇಲೆ ಕೂತ ಕಾರ್ಯದರ್ಶಿಗಳು ಕರ್ಚೀಫಿನಿಂದ ಕಣ್ಣು ಒತ್ತಿಕೊಳ್ಳುತ್ತಾ, "ಯಾವಾಗ ಶುರು ಮಾಡ್ತೀರಿ?" ಎಂದರು.

ಹದಿನಾರು ದಿನ ಹಿಡಿಯಿತು. ನಾನು ಗೇಟಿನ ಕಡೆಯಿಂದ, ಅಕ್ಕ ಬಾಗಿಲ ಕಡೆಯಿಂದ. ಡಾಕ್ಟರಮ್ಮ ಇಬ್ಬರಿಗೂ ಪ್ಲಾಸ್ಟಿಕ್ ಕನ್ನಡಕ ಕೊಟ್ಟು, ಅದಿಲ್ಲದೆ ಒಂದು ಏಟೂ ಹೊಡೆಯಕೂಡದು ಎಂದಿದ್ದರು. ಚೂರು ಸಿಡಿಯದ ಹಾಗೆ ಸುತ್ತ ಒದ್ದೆ ಗೋಣಿಚೀಲ ಅಡ್ಡ ನಿಲ್ಲಿಸಿ, ಕಲ್ಲಿಗೆ ನೀರು ಚಿಮುಕಿಸಿ, ಚಾಣ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದು. ಒಂದು ಏಟಿಗೆ ಎಳ್ಳಿನಷ್ಟು ಗುಳಿ. ಅದರ ಪಕ್ಕ ಇನ್ನೊಂದು. ಅಂಗೈ ಅಗಲ ಮುಗಿಯುವಷ್ಟರಲ್ಲಿ ಮೈ ಬೆವೆತುಹೋಗುತ್ತಿತ್ತು. ಗ್ರಾನೈಟು ಸುಲಭಕ್ಕೆ ಮಣಿಯುವ ಕಲ್ಲಲ್ಲ. ಎರಡನೆಯ ದಿನಕ್ಕೇ ಮಣಿಕಟ್ಟು ಊದಿತು. ಐದನೆಯ ದಿನದಿಂದ ಕೂತಲ್ಲಿಂದ ಏಳಬೇಕಾದರೆ ಎರಡೂ ಕೈ ನೆಲಕ್ಕೂರಿ, ಆಮೇಲೆ ಗೋಡೆ ಹಿಡಿದು ಏಳಬೇಕಾಯಿತು. ಮನೆಯಲ್ಲಿ ಮುದ್ದೆ ಮುರಿಯಲು ಬೆರಳು ಬಾಗುತ್ತಿರಲಿಲ್ಲ. ನನ್ನ ಹೆಂಡತಿ ಬಿಸಿನೀರಿಗೆ ಉಪ್ಪು ಹಾಕಿ ತಂದಿಟ್ಟು, "ಮೊದ್ಲೇ ಬಾಯ್ಬುಟ್ಟು ಏಳಿದ್ರೆ ಇದೆಲ್ಲಾ ಇರ್ತಿರ್ಲಿಲ್ಲ" ಎಂದಳು. ಹೌದು, ಇರುತ್ತಿರಲಿಲ್ಲ.

ಪಶ್ಚಾತ್ತಾಪದಿಂದ ಮೈ ಹಗುರಾಯಿತು ಎಂದೇನಾದರೂ ಬರೆದರೆ ಸುಳ್ಳಾದೀತು. ಹದಿನಾರು ದಿನವೂ ಬೆಳಿಗ್ಗೆ ಬಸ್ಸು ಹತ್ತುವಾಗ ಇವತ್ತು ಹೋಗದಿದ್ದರೆ ಏನಾಗುತ್ತದೆ ಎಂದೇ ಯೋಚಿಸುತ್ತಿದ್ದೆ. ಅಕ್ಕ ಬಂದು ಕೂತಿರುತ್ತಾರೆ ಎಂಬ ಒಂದೇ ಕಾರಣಕ್ಕೆ ಹೋಗುತ್ತಿದ್ದೆ. ಅವರೂ ಹಾಗೇ ಬರುತ್ತಿದ್ದರಂತೆ, ಆಮೇಲೆ ಹೇಳಿದರು.

ರೋಗಿಗಳು ನಮ್ಮನ್ನು ಸುತ್ತುಹಾಕಿಕೊಂಡು ಓಡಾಡುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿದ್ದ ಒಬ್ಬ ಅಜ್ಜಿ ನಿಂತು ಕಿವಿಗೊಟ್ಟು, "ಒಳ್ಕಲ್ ಕುಟ್ಟೋರು ಇನ್ನೂ ಅವ್ರಾ ಮೈಸೂರಲ್ಲಿ?" ಎಂದು ಮೊಮ್ಮಗಳನ್ನು ಕೇಳಿದರು. ಅಕ್ಕ ತಲೆಯೆತ್ತದೆ, "ಅವ್ರೆ ಕಣಜ್ಜಿ, ಬಲಗಡೀಕ್ ಬನ್ನಿ, ಇಲ್ಲಿ ಒದ್ದೆ ಅದೆ" ಎಂದರು. ಅಜ್ಜಿ ಆ ಮಾತು ಬಂದ ಕಡೆಯನ್ನು ಬಿಟ್ಟು ಸರಿಯಾಗಿ ಬಲಕ್ಕೆ ಹೆಜ್ಜೆ ಇಟ್ಟರು.

ಕೊನೆಯ ವಾರದಲ್ಲಿ ಕಾರ್ಯದರ್ಶಿಗಳು ವೆಲ್ಡಿಂಗಿನವರನ್ನು ಕರೆಸಿ, ಬಾಗಿಲಿನಿಂದ ಗೇಟಿನವರೆಗೆ ಸೊಂಟದೆತ್ತರಕ್ಕೆ ಹಿಡಿದುಕೊಳ್ಳುವ ಕಂಬಿ ಹಾಕಿಸಿದರು. ಹಿಡಿದುಕೊಳ್ಳಲು ಏನೂ ಸಿಗಲಿಲ್ಲ ಎಂದು ಟೈಲರಮ್ಮ ಹೇಳಿದ್ದನ್ನು ನಾನು ಅವರಿಗೆ ಹೇಳಿದ್ದೆ. ಬೋರ್ಡು ಬರೆಸಿ ತಂದದ್ದು ಆಫೀಸಿನ ಬೀರುವಿನ ಹಿಂದೆಯೇ ಉಳಿಯಿತು.

ಕೆಲಸ ಮುಗಿದ ದಿನ ಜೋರು ಮಳೆ ಬಂತು. ನಿಂತ ಮೇಲೆ ಅಕ್ಕ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಗೇಟಿನವರೆಗೆ ನಡೆದು, ತಿರುಗಿ, ಸ್ವಲ್ಪ ಜೋರಾಗಿಯೇ ನಡೆದು ಬಂದರು. "ನಿಲ್ತದೆ" ಎಂದರು. ಕಲ್ಲು ಈಗ ತಣ್ಣಗಾದ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ನೋಡಲು ಚಂದವೇನೂ ಇರಲಿಲ್ಲ. ಕಾರ್ಯದರ್ಶಿಗಳು ಹೇಳಿದ್ದೂ ನಿಜವಾಯಿತು, ಗುಳಿಗಳಲ್ಲಿ ಧೂಳು ಕೂರುತ್ತದೆ. ಎರಡು ಸಲ ಗುಡಿಸಬೇಕು ಎಂದು ವಾಚ್‌ಮನ್ ಈಗಲೂ ಗೊಣಗುತ್ತಾನಂತೆ.

ಟೈಲರಮ್ಮನ ಮನೆಗೆ ನಾನು ಮತ್ತೆ ಹೋಗಲಿಲ್ಲ. ಅಕ್ಕ ಹೋಗುತ್ತಿದ್ದರು. ಮೂಳೆ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತಂತೆ. ಹೊಲಿಗೆ ಆಗುತ್ತದೆ, ಆದರೆ ದಪ್ಪ ಬಟ್ಟೆಗೆ ಕತ್ತರಿ ಹಾಕಲು ಕೈ ಬಗ್ಗುವುದಿಲ್ಲ, ನಾದಿನಿ ಕತ್ತರಿಸಿಕೊಡುತ್ತಾಳೆ. ಇನ್ನೊಂದು ಕಣ್ಣಿಗೂ ಅದೇ ಆಸ್ಪತ್ರೆಯಲ್ಲಿ ಮಾಡಿಸಿಕೊಂಡರಂತೆ. ನನ್ನ ಬಗ್ಗೆ ಏನಾದರೂ ಅಂದರಾ ಎಂದು ಕೇಳಿದೆ. "ಏನೂ ಅನ್ಲಿಲ್ಲ" ಎಂದರು ಅಕ್ಕ. ನನಗೆ ಅದು ಅರ್ಥವಾಗುತ್ತದೆ.

ಆ ಅಂಗಳವೇ ನಾವಿಬ್ಬರೂ ಕೂಡಿ ಮಾಡಿದ ಕೊನೆಯ ಕೆಲಸವಾಯಿತು. ಅಕ್ಕನ ಬಲಗೈಯ ಬೆರಳು ಮರಗಟ್ಟುವುದು ನಿಲ್ಲಲಿಲ್ಲ. ಗಾರೆ ಕೆಲಸ ಬಿಟ್ಟು ಈಗ ಒಂದು ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಹೋಗುತ್ತಾರೆ. ನಾನು ಬಚ್ಚಲು, ಮೆಟ್ಟಿಲಿನಂಥ ಸಣ್ಣ ಕೆಲಸಗಳನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಕಲ್ಲು ಆರಿಸುವಾಗ ನನ್ನನ್ನೂ ಕರೆದುಕೊಂಡು ಹೋಗಿ ಎಂದು ಮನೆಯವರಿಗೆ ಮೊದಲೇ ಹೇಳುತ್ತೇನೆ. ಕೆಲವರು ಬೇಸರಪಟ್ಟು ಬೇರೆಯವರನ್ನು ಕರೆಸಿಕೊಳ್ಳುತ್ತಾರೆ. ಕರೆಸಿಕೊಳ್ಳಲಿ.

ಭಾನುವಾರಗಳಲ್ಲಿ ಅಕ್ಕ ಫೋನ್ ಮಾಡುತ್ತಾರೆ. ಮಂಡಿ ಹೆಂಗದೆ, ಎಣ್ಣೆ ಆಕ್ತಿದ್ದೀರಾ, ಒಂದಿನ ಊಟಕ್ಕೆ ಬನ್ನಿ ಮೇಸ್ತ್ರಿ, ಎನ್ನುತ್ತಾರೆ. ಅವರ ಮನೆ ಎರಡನೆಯ ಮಹಡಿಯಲ್ಲಿದೆ. ಬರ್ತೀನಕ್ಕ ಎನ್ನುತ್ತೇನೆ. ಇನ್ನೂ ಹೋಗಿಲ್ಲ.